ಹಾಕಿಯಿಂದ ಲ್ಯಾಕ್ರೋಸ್‌ಗೆ ಹೋದವರು ಇದ್ದೀರಾ? ನಿಮ್ಮ ಅನುಭವ ಹೇಳಿ

ಪ್ರಶ್ನೆ: ಮಗಳು ನಾಲ್ಕು ವರ್ಷದಿಂದ ಹಾಕಿ ಆಡುತ್ತಾಳೆ, ಮಿಡ್‌ಫೀಲ್ಡ್. ಈಗ ಲ್ಯಾಕ್ರೋಸ್ (ತುದಿಯಲ್ಲಿ ಬಲೆ ಇರುವ ಸ್ಟಿಕ್ಕಿನಿಂದ ಚೆಂಡು ಹಿಡಿದು, ಎಸೆದು ಗೋಲು ಹೊಡೆಯುವ ಆಟ) ಸೇರುತ್ತೇನೆ ಅಂತಾಳೆ. ಕಲಿತದ್ದು ಎಷ್ಟು ಕೈಹಿಡಿಯುತ್ತದೆ?

ಹಳೇ ಲೆಫ್ಟ್ ಹಾಫ್: ಹನ್ನೊಂದು ವರ್ಷ ಹಾಕಿ ಆಡಿ ಆಮೇಲೆ ಹೋದವನು ನಾನು. ಓಟ, ಖಾಲಿ ಜಾಗ ನೋಡುವ ಕಣ್ಣು, ಎದುರಾಳಿಯನ್ನು ಅಂಚಿಗೆ ಒತ್ತುವುದು, ಎಲ್ಲ ಮೊದಲ ದಿನವೇ ಕೆಲಸಕ್ಕೆ ಬಂತು. ಎಡಗೈ ಮಾತ್ರ ಕೈಕೊಟ್ಟಿತು. ಹಾಕಿಯಲ್ಲಿ ಎಲ್ಲರ ಹಿಡಿತವೂ ಒಂದೇ, ಎಡಗೈ ಮೇಲೆ, ಬಲಗೈ ಕೆಳಗೆ. ಇಲ್ಲಿ ಎರಡೂ ಕಡೆಯಿಂದ ಎಸೆಯಬೇಕು, ಹಿಡಿಯಬೇಕು. ಐದು ತಿಂಗಳು ದಿನಾ ಗೋಡೆಗೆ ಚೆಂಡು ಹೊಡೆದೆ. ಬಲಗಡೆಯಿಂದ ನೂರು, ಎಡಗಡೆಯಿಂದ ಇನ್ನೂರು. ಗಟ್ಟಿ ರಬ್ಬರ್ ಚೆಂಡು ತಾಗಿ ಎರಡು ಬೆರಳು ಊದಿದವು. ಒಂದು ಸೀಸನ್ ಪೂರ್ತಿ ಬೆಂಚಿನ ಮೇಲೇ ಕಳೆದೆ. ಆದರೂ ಹೋದದ್ದಕ್ಕೆ ಹೆಮ್ಮೆ ಇದೆ.

ಹುಲ್ಲುಗಾವಲು: ನಾನು ಎರಡು ವರ್ಷ ಆಡಿ ಹಾಕಿಗೆ ವಾಪಸ್ ಬಂದೆ. ಗಂಡಸರ ಲ್ಯಾಕ್ರೋಸ್‌ನಲ್ಲಿ ಮೈಗೆ ಮೈ ಹಾಕಿ ಗುದ್ದಬಹುದು. ಗ್ಲೌಸ್ ಹಾಕಿದ್ದರೂ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು, ಏಳು ವಾರ ಕಟ್ಟು. ಸ್ಟಿಕ್ಕಿನ ಬಲೆ ಒಂದೇ ಮಳೆಗಾಲದಲ್ಲಿ ಮೂರು ಸಲ ಹೊಸದಾಗಿ ಹೆಣೆಸಿದೆ. ಆಟದಲ್ಲಿ ನ್ಯಾಯವೂ ಕಾಣಲಿಲ್ಲ. ಹಾಕಿಯಲ್ಲಿ ಗೋಲು ತಪ್ಪಿ ಹೊರಗೆ ಹೊಡೆದರೆ ಚೆಂಡು ಎದುರು ತಂಡಕ್ಕೆ. ಅಲ್ಲಿ ಚೆಂಡು ಗೆರೆ ದಾಟಿದಾಗ ಯಾರು ಹತ್ತಿರ ಇದ್ದಾರೋ ಅವರ ತಂಡಕ್ಕೆ!

ಐಸ್ ಮೇಲಿನವನು: ಯಾವ ಹಾಕಿ ಅಂತ ಕೇಳದೆ ಎಲ್ಲರೂ ಶುರು ಮಾಡಿದ್ದೀರಿ. ಲ್ಯಾಕ್ರೋಸ್‌ನ ನಿಜವಾದ ನೆಂಟ ಐಸ್ ಹಾಕಿ. ಗೋಲಿನ ಹಿಂದೆಯೂ ಆಟ, ಇಬ್ಬರು ಎದುರುಬದುರು ನಿಂತು ಆಟ ಶುರು ಮಾಡುವ ಫೇಸ್‌ಆಫ್, ಮೈ ಡಿಕ್ಕಿ, ಎಲ್ಲ ಎರಡರಲ್ಲೂ ಇದೆ. ಒಳಾಂಗಣದಲ್ಲಿ ಆಡುವ ಬಾಕ್ಸ್ ಲ್ಯಾಕ್ರೋಸ್ ಹುಟ್ಟಿದ್ದೇ ಬೇಸಿಗೆಯಲ್ಲಿ ಖಾಲಿ ಬಿದ್ದ ಐಸ್ ರಿಂಕ್‌ಗಳಲ್ಲಿ. ಐಸ್ ಹಾಕಿಯ ಹಾಗೆ ಅದರಲ್ಲೂ ತಂಡಕ್ಕೆ ಗೋಲ್‌ಕೀಪರ್ ಸೇರಿ ಆರೇ ಜನ. ಕೆನಡಾ 1994ರಲ್ಲಿ ಕಾನೂನು ಮಾಡಿ ಐಸ್ ಹಾಕಿಯನ್ನು ಚಳಿಗಾಲದ, ಲ್ಯಾಕ್ರೋಸನ್ನು ಬೇಸಿಗೆಯ ರಾಷ್ಟ್ರೀಯ ಕ್ರೀಡೆ ಮಾಡಿತು. ಐಸ್ ಹಾಕಿಯ ದಿಗ್ಗಜ ವೇಯ್ನ್ ಗ್ರೆಟ್ಸ್ಕಿ ಕೂಡ ಚಿಕ್ಕವನಿದ್ದಾಗ ಲ್ಯಾಕ್ರೋಸ್ ಆಡಿದ್ದವನು.

ಹುಲ್ಲುಗಾವಲು: ಮಿಡ್‌ಫೀಲ್ಡ್ ಅಂತ ಬರೆದಿದ್ದಾರೆ ಸ್ವಾಮಿ. ಐಸ್ ಹಾಕಿಯಲ್ಲಿ ಮಿಡ್‌ಫೀಲ್ಡ್ ಎಲ್ಲಿದೆ? ಓದಿ ಉತ್ತರ ಕೊಡಿ.

ಕ್ರೀಸ್ ಕಾಯುವವಳು: ಕೇಳಿದ್ದು ಮಗಳ ಬಗ್ಗೆ ಅಲ್ವಾ? ಹೆಂಗಸರ ಲ್ಯಾಕ್ರೋಸ್‌ನಲ್ಲಿ ಮೈಗೆ ಗುದ್ದುವಂತಿಲ್ಲ. ಮೈದಾನದ ಆಟಗಾರ್ತಿಗೆ ಕಣ್ಣು ಕಾಯುವ ಕನ್ನಡಕ, ಹಲ್ಲು ಕಾಯುವ ಮೌತ್‌ಗಾರ್ಡ್ ಮುಖ್ಯ. ನಾನು ಹಾಕಿಯಲ್ಲಿ ಗೋಲ್‌ಕೀಪರ್ ಆಗಿದ್ದೆ. 3.66 ಮೀಟರ್ ಅಗಲದ ಗೋಲು ಕಾದವಳಿಗೆ ಲ್ಯಾಕ್ರೋಸ್‌ನ 1.83 ಮೀಟರ್ ಸುಲಭ ಅಂದುಕೊಂಡೆ. ಹಾಕಿಯ ದಪ್ಪ ಕಾಲುಪ್ಯಾಡ್ ಅಲ್ಲಿಲ್ಲ. ಚೆಂಡು ನೆಲದಿಂದಲ್ಲ, ಭುಜದ ಮೇಲಿಂದ ಬರುತ್ತದೆ. ಒದೆಯಲು ಕಲಿತ ಕಾಲು ಮೊದಲು ಹೋಗುತ್ತಿತ್ತು, ಕೈ ಆಮೇಲೆ. ಮೊದಲ ಪಂದ್ಯದಲ್ಲಿ 17 ಗೋಲು ಬಿಟ್ಟೆ. ತೊಡೆ ಪೂರ್ತಿ ನೀಲಿ. ಮನೆಗೆ ಬಂದು ಅತ್ತೆ. ಮೂರನೇ ವರ್ಷ ತಂಡದ ಕ್ಯಾಪ್ಟನ್ ಆದೆ.

ಹಳೇ ಲೆಫ್ಟ್ ಹಾಫ್: ಹುಲ್ಲುಗಾವಲು ಅವರೇ, ಬಲೆ ಮೂರು ಸಲ ಹಾಳಾದರೆ ಅದು ಆಟದ ತಪ್ಪಲ್ಲ. ಒದ್ದೆ ಸ್ಟಿಕ್ ಹಾಗೇ ಚೀಲಕ್ಕೆ ತುರುಕಿರುತ್ತೀರಿ. ನನ್ನದು ನಾನೇ ಹೆಣೆದದ್ದು, ಐದನೇ ವರ್ಷ ನಡೀತಿದೆ.

ಹುಲ್ಲುಗಾವಲು: ಸುಮ್ನೆ ಊಹೆ ಮಾಡಬೇಡಿ. ಪ್ರತಿ ಸಲ ಒರೆಸಿ, ಚೆಂಡು ಒಳಗಿಟ್ಟು ಒಣಗಿಸಿದ್ದೇನೆ.

ಕ್ರೀಸ್ ಕಾಯುವವಳು: ಚೆಂಡು ಇಟ್ಟೇ ದಿನಗಟ್ಟಲೆ ಬಿಟ್ಟರೆ ಬಲೆ ಜಾಸ್ತಿ ಜೋಲುತ್ತದೆ. ಅಂಪೈರ್ ಅಳೆದರೆ ಸ್ಟಿಕ್ ಹೊರಗೆ. ನನ್ನ ಜೊತೆಯವಳದ್ದು ಸೆಮಿಫೈನಲ್‌ನಲ್ಲಿ ಹಾಗೇ ಹೋಯಿತು.