ಸಹಾಯ ಬೇಕು: ಗದಗ–ಲಕ್ಷ್ಮೇಶ್ವರ ಬಸ್ಸಿನಲ್ಲಿ ಕಂಡಕ್ಟರ್ ಮೇಲೆ ಹಲ್ಲೆ, ನೋಡಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮಣ್ಣ ಸರ್ಕಾರಿ ಬಸ್ ಕಂಡಕ್ಟರ್. ಕಳೆದ ಸೋಮವಾರ ಸಂಜೆ ಗದಗದಿಂದ ಮುಳಗುಂದ ಮೇಲೆ ಲಕ್ಷ್ಮೇಶ್ವರಕ್ಕೆ ಹೊರಟ ಬಸ್ಸಿನಲ್ಲಿ ಅವನನ್ನು ಹೊಡೆದಿದ್ದಾರೆ. ಬಾಗಿಲಲ್ಲಿ ಜೋತಾಡುತ್ತಿದ್ದ ಇಬ್ಬರಿಗೆ "ಒಳಗ ಬರ್ರೀ, ಬಿದ್ದೀರಿ" ಎಂದಿದ್ದಾನೆ, ಅಷ್ಟೇ. ಕೊರಳಪಟ್ಟಿ ಹಿಡಿದು ಎಳೆದು, ಟಿಕೆಟ್ ಮಷಿನ್ ಕಸಿದು ಅದರಿಂದಲೇ ಹುಬ್ಬಿನ ಮೇಲೆ ಹೊಡೆದಿದ್ದಾರೆ. ಹೊಲಿಗೆ ಹಾಕಿದ್ದಾರೆ, ಕಣ್ಣು ಇನ್ನೂ ಪೂರ್ತಿ ತೆರೆಯಲು ಆಗುತ್ತಿಲ್ಲ. ರಕ್ತ ಸೋರುತ್ತಿದ್ದರೂ ಚೆಲ್ಲಿದ ಚಿಲ್ಲರೆ ಆರಿಸುತ್ತಿದ್ದನಂತೆ. ಡಿಪೋದಲ್ಲಿ ಲೆಕ್ಕ ಕೊಡಬೇಕಲ್ವಾ.

ಠಾಣೆಯಲ್ಲಿ "ಸಣ್ಣ ಜಗಳ, ರಾಜಿ ಮಾಡ್ಕೊಳ್ಳಿ" ಅಂತಿದ್ದಾರೆ. ಇದು ಸುಮ್ನೆ ಜಗಳ ಅಲ್ಲ. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆ ಪ್ರಕಾರ ಡ್ಯೂಟಿಯಲ್ಲಿರುವ ನಿಗಮದ ನೌಕರ ಸಾರ್ವಜನಿಕ ಸೇವಕ. ಅವನ ಕೆಲಸ ತಡೆಯಲು ಕೈ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಂ, ಗಾಯ ಮಾಡಿದರೆ 121. ಇವೆರಡೂ ಎಫ್‌ಐಆರ್‌ನಲ್ಲಿ ಬರಬೇಕು ಅನ್ನೋದು ನಮ್ಮ ಹಟ.

ಹಿಂದಿನ ಸೀಟಿನಲ್ಲಿದ್ದ ಒಬ್ಬ ಹುಡುಗ ಮೊಬೈಲ್‌ನಲ್ಲಿ ವಿಡಿಯೋ ಮಾಡುತ್ತಿದ್ದ ಎಂದು ಅಣ್ಣ ಹೇಳುತ್ತಾನೆ. ಆ ವಿಡಿಯೋ ಯಾರ ಹತ್ತಿರವಾದರೂ ಇದ್ದರೆ ಗ್ರೂಪಿನಲ್ಲಿ ಹಾಕಬೇಡಿ, ನನಗೆ ಮಾತ್ರ ಕಳಿಸಿ. ಸಾಕ್ಷಿ ಹೇಳಲು ಒಬ್ಬರು ಮುಂದೆ ಬಂದರೂ ದೊಡ್ಡ ಉಪಕಾರ. ಇಂಥ ಕೇಸು ನಡೆಸಿದ ವಕೀಲರು ಗದಗ ಅಥವಾ ಹುಬ್ಬಳ್ಳಿಯಲ್ಲಿ ಗೊತ್ತಿದ್ದರೆ ತಿಳಿಸಿ.

ಇನ್ನೊಂದು ಮಾತು, ಸಾರಿಗೆಯಲ್ಲಿ ಇರುವವರಿಗೆ: ಗಾಯದ ರಜೆಯನ್ನು ಅವನ ಸ್ವಂತ ರಜೆಯಲ್ಲಿ ಕಳೆಯದಂತೆ ಅರ್ಜಿ ಹೇಗೆ ಬರೆಯಬೇಕು, ಜೊತೆಗೆ ಯಾವ ಕಾಗದ ಇಡಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ.