ಸಹಾಯ ಬೇಕು: ಬಾಲಿಯಲ್ಲಿ ಅತ್ತೆಯವರ ಊಟಕ್ಕೆ ಏನು ದಾರಿ?

ದಾವಣಗೆರೆಯ ಬಂಧುಗಳಿಗೆ ನಮಸ್ಕಾರ. ನಾನು ಮತ್ತು ಅತ್ತೆಯವರು ಇಂಡೊನೇಷ್ಯಾದ ಬಾಲಿಗೆ ಏಳು ದಿನಗಳ ಯೋಗ ಶಿಬಿರಕ್ಕೆ ಹೊರಟಿದ್ದೇವೆ. ಉಬುದ್‌ನಲ್ಲಿ ವಾಸ, ಬೆಳಿಗ್ಗೆ ಯೋಗ, ಮಧ್ಯಾಹ್ನ ಅಲ್ಲಿನದೇ ಊಟ, ಆಮೇಲೆ ತೆಗಲಾಲಾಂಗ್‌ನ ಮೆಟ್ಟಿಲು ಗದ್ದೆಗಳ ಸುತ್ತಾಟ. ಕುಂದುವಾಡ ಕೆರೆಯ ದಂಡೆಯಲ್ಲಿ ಹಾಕುವ ಸೂರ್ಯನಮಸ್ಕಾರಕ್ಕೆ ಸಮುದ್ರ ದಾಟಬೇಕೇ ಎಂದು ಯಜಮಾನರು ನಗುತ್ತಾರೆ. ನಗಲಿ.

ಚಿಂತೆ ಊಟದ್ದು. ಅಲ್ಲಿನ ಸಂಬಲ್ ಚಟ್ನಿಗೆ ಹೆಚ್ಚಾಗಿ ‘ತೆರಾಸಿ’ ಎಂಬ ಹುದುಗಿಸಿದ ಸಿಗಡಿಯ ಮುದ್ದೆ ಬೀಳುತ್ತದೆ. ನೋಡಲು ಬರೀ ತರಕಾರಿಯಾದ ಗಾದೊ-ಗಾದೊದ ಶೇಂಗಾ ಗೊಜ್ಜಿನಲ್ಲೂ ಅದು ಅಡಗಿರಬಹುದು. ಅತ್ತೆಯವರು ಮೊಟ್ಟೆಯನ್ನೂ ಮುಟ್ಟದವರು. ಸೋಯಾ ಕಾಳಿನ ತೆಂಪೆ ಆಗುತ್ತದೆ, ಆದರೆ ಏಳು ದಿನವೂ ಅದನ್ನೇ ತಿನ್ನುವುದೇ? ಹೋಗಿಬಂದವರು ಅಡುಗೆಯವರಿಗೆ ಹೇಗೆ ತಿಳಿಸಿದಿರಿ?

1,717 ಮೀಟರ್ ಎತ್ತರದ ಬತೂರ್ ಜ್ವಾಲಾಮುಖಿಯನ್ನು ನಸುಕಿನಲ್ಲಿ ಹತ್ತಿಸುತ್ತಾರಂತೆ, ಮಂಡಿನೋವಿನವರಿಗೆ ಸಾಧ್ಯವೇ? ಚಟ್ನಿಪುಡಿ, ಮಂಡಕ್ಕಿ ಒಯ್ದವರಿದ್ದರೆ ಅದನ್ನೂ ತಿಳಿಸಿ.