ಸಹಾಯ ಬೇಕು: ‘ಕ್ಯಾಲ್’ ಚಿತ್ರದ ಯುವಕ ಐ.ಆರ್.ಎ.ಯಿಂದ ಹೊರಬರಲಾರದೇಕೆ?

ಎಲ್ಲರಿಗೂ ನಮಸ್ಕಾರ. ಪ್ಯಾಟ್ ಓಕಾನರ್ ನಿರ್ದೇಶನದ 1984ರ ‘ಕ್ಯಾಲ್’ ಚಿತ್ರವನ್ನು ನಮ್ಮ ಚಿತ್ರಸಮಾಜದಲ್ಲಿ ಪ್ರದರ್ಶಿಸಲಿದ್ದೇವೆ. ಅಂದು ಪ್ರೇಕ್ಷಕರಿಗೆ ಹಂಚುವ ಟಿಪ್ಪಣಿಯನ್ನು ನಾನು ಬರೆಯಬೇಕಾಗಿದೆ. ಹೆಚ್ಚು ಹಣ ಸುರಿಯದೆ ತೆಗೆದ, ಆದರೆ ಮನಸ್ಸನ್ನು ಬಹಳ ಕಾಡುವ ಚಿತ್ರವಿದು. ಉತ್ತರ ಐರ್ಲೆಂಡಿನ ಪ್ರಾಟೆಸ್ಟೆಂಟರ ಬಡಾವಣೆಯಲ್ಲಿ ತಂದೆಯೊಂದಿಗೆ ವಾಸಿಸುವ ನಿರುದ್ಯೋಗಿ ಕ್ಯಾಥೊಲಿಕ್ ಯುವಕನೊಬ್ಬ, ಐ.ಆರ್.ಎ.ಯ (ಐರಿಷ್ ರಿಪಬ್ಲಿಕನ್ ಆರ್ಮಿ, ಅಲ್ಲಿನ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡಿದ ಸಶಸ್ತ್ರ ಸಂಘಟನೆ) ಹಂತಕನನ್ನು ಕರೆದೊಯ್ದು ವಾಹನದಲ್ಲೇ ಕಾಯುತ್ತಿರುವಾಗ, ಪೊಲೀಸನೊಬ್ಬ ತನ್ನ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾಗುತ್ತಾನೆ. ಮುಂದೆ ಆ ಪೊಲೀಸನ ವಿಧವೆಯನ್ನೇ ಈತ ಪ್ರೀತಿಸುತ್ತಾನೆ. ಆಕೆಯ ಪಾತ್ರಕ್ಕೆ ಹೆಲೆನ್ ಮಿರೆನ್ ಅವರಿಗೆ ಕಾನ್ ಚಿತ್ರೋತ್ಸವದ ಶ್ರೇಷ್ಠ ನಟಿ ಪ್ರಶಸ್ತಿ ದೊರೆಯಿತು.

ಇಂಥ ಹುಡುಗರು ಸಂಘಟನೆಗೆ ಸೇರಿದ್ದೇಕೆ ಎಂಬುದಕ್ಕೆ ಇತಿಹಾಸದ ಪುಸ್ತಕಗಳಲ್ಲಿ ಉತ್ತರ ಸಿಕ್ಕಿದೆ: 1971ರ ಆಗಸ್ಟ್‌ನಲ್ಲಿ ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಕ್ರಮ ಆರಂಭವಾದದ್ದು, 1972ರ ಜನವರಿ 30ರಂದು ಡೆರಿ ನಗರದಲ್ಲಿ ಬ್ರಿಟಿಷ್ ಸೈನಿಕರ ಗುಂಡಿಗೆ 13 ಮಂದಿ ಅಂದೇ ಸತ್ತದ್ದು ಯುವಕರನ್ನು ಕೆರಳಿಸಿದವು. ನನಗೆ ಬಗೆಹರಿಯದಿರುವುದು ಅದರ ಮುಂದಿನ ಪ್ರಶ್ನೆ. ಚಿತ್ರದ ನಾಯಕ ತನಗೆ ಈ ಕೆಲಸ ಬೇಡವೆಂದರೂ ಜೊತೆಗಾರರು ಬಿಡುವುದಿಲ್ಲ. ಅವನ ಭಯವನ್ನು ಚಿತ್ರ ತೋರಿಸುತ್ತದೆಯೇ ಹೊರತು ಅದರ ಹಿಂದಿನ ಕಟ್ಟುಪಾಡುಗಳನ್ನು ವಿವರಿಸುವುದಿಲ್ಲ.

1970ರ ದಶಕದಲ್ಲಿ ಐ.ಆರ್.ಎ.ಯನ್ನು ತೊರೆಯಲು ಬಯಸಿದವರಿಗೆ ವಾಸ್ತವವಾಗಿ ಏನಾಗುತ್ತಿತ್ತು, ಮತ್ತು ಹಾಗೆ ಹೊರಬಂದವರು ಸ್ವತಃ ಬರೆದ ಯಾವ ಆತ್ಮಕಥನವನ್ನು ನಾನು ಮೊದಲು ಓದಬೇಕು?